ಆಜ್ಞೆ ದೇವರದ್ದು, ಹೊಣೆ ಯಾರದ್ದು?

ದೇವರ ಆಜ್ಞೆಯನ್ನು ಪಾಲಿಸುವವನು ಭಕ್ತನೆನಿಸುತ್ತಾನೆ. ಅಷ್ಟರಿಂದಲೇ ನೀತಿವಂತನೂ ಆಗುತ್ತಾನೆಯೇ? ಸುಮಾರು 2,400 ವರ್ಷಗಳಿಂದ ತತ್ತ್ವಚಿಂತಕರನ್ನು ಕಾಡುತ್ತಿರುವ ಪ್ರಶ್ನೆಯಿದು. ಪ್ಲೇಟೋನ ‘ಯೂಥಿಫ್ರೋ’ ಸಂವಾದದಲ್ಲಿ ಯೂಥಿಫ್ರೋ ಸ್ವಂತ ತಂದೆಯ ಮೇಲೆಯೇ ಕೊಲೆಯ ಮೊಕದ್ದಮೆ ಹೂಡಲು ಬಂದಿದ್ದಾನೆ; ದೇವತೆಗಳು ಅದನ್ನು ಮೆಚ್ಚುತ್ತಾರೆಂಬ ನಂಬಿಕೆ ಅವನದು. ದೇವತೆಗಳು ಮೆಚ್ಚಿದ್ದರಿಂದ ಕಾರ್ಯವೊಂದು ಪವಿತ್ರವಾಗುತ್ತದೆಯೋ, ಪವಿತ್ರವಾದ್ದರಿಂದ ಅವರು ಮೆಚ್ಚುತ್ತಾರೋ ಎಂದು ಸಾಕ್ರಟೀಸ್ ಕೇಳುತ್ತಾನೆ. ಮುಂದಿನವರು ಇದನ್ನು ದೈವಾಜ್ಞೆಗೆ ಅನ್ವಯಿಸಿದರು. ಮೊದಲನೆಯದು ನಿಜವಾದರೆ ಆಜ್ಞೆಯ ಬಲದಿಂದ ಕ್ರೌರ್ಯವೂ ಧರ್ಮವಾದೀತು. ಎರಡನೆಯದಾದರೆ ಒಳಿತಿಗೆ ದೇವರ ಅಪ್ಪಣೆಯೇ ಬೇಕಿಲ್ಲ.

ಭಾರತದ ಮೀಮಾಂಸಕರ ದಾರಿ ಬೇರೆ. ಧರ್ಮವನ್ನು ತಿಳಿಸುವುದು ವೇದದ ವಿಧಿವಾಕ್ಯ. ಆದರೆ ವೇದ ಅಪೌರುಷೇಯ, ಎಂದರೆ ಯಾರೂ ರಚಿಸದ್ದು. ಹಾಗಾಗಿ ಅಲ್ಲಿ ವಿಧಿ ಇದೆ, ವಿಧಿಸುವ ದೇವರಿಲ್ಲ. ಆದರೂ ಇಕ್ಕಟ್ಟು ತಪ್ಪಲಿಲ್ಲ: ಶತ್ರುನಾಶಕ್ಕಾಗಿ ಮಾಡುವ ಶ್ಯೇನಯಾಗವೂ ವೇದದಲ್ಲಿದೆಯಲ್ಲ! ಅದನ್ನು ಮಾಡಲೇಬೇಕೆಂದು ವೇದ ಹೇಳುವುದಿಲ್ಲ, ಕೊಲ್ಲಬಯಸುವವನಿಗೆ ಉಪಾಯ ತಿಳಿಸುತ್ತದಷ್ಟೆ ಎಂದು ಭಾಷ್ಯಕಾರ ಶಬರಸ್ವಾಮಿ ಉತ್ತರಿಸಿದ. ಹಿಂಸೆ ನಿಷಿದ್ಧವಾದ್ದರಿಂದ ಶಬರನ ದೃಷ್ಟಿಯಲ್ಲಿ ಆ ಯಾಗ ಅನರ್ಥವೇ.

ಇಸ್ಲಾಮಿನ ಚಿಂತನೆಯಲ್ಲಿ ಇದೇ ವಾದ ಎರಡು ಪಂಥಗಳ ನಡುವೆ ನಡೆಯಿತು. ಒಳಿತು ಕೆಡುಕುಗಳನ್ನು ಬುದ್ಧಿಯೂ ಅರಿಯಬಲ್ಲದು ಎಂದರು ಮುತಜಿಲಾ ಪಂಥದವರು. ಆ ಪಂಥದಲ್ಲೇ ಬೆಳೆದು ಹೊರಬಂದ ಅಲ್-ಅಶ್ಅರಿ, ಅಲ್ಲಾಹನ ವಿಧಿ ನಿಷೇಧಗಳೇ ಅವನ್ನು ನಿರ್ಣಯಿಸುತ್ತವೆ ಎಂದ. 14ನೆಯ ಶತಮಾನದ ಇಂಗ್ಲೆಂಡಿನ ಕ್ರೈಸ್ತ ಚಿಂತಕ ವಿಲಿಯಂ ಆಫ್ ಓಕಮ್, ದೇವರು ಆಜ್ಞಾಪಿಸಿದ್ದರೆ ಕಳವೂ ಪುಣ್ಯವಾಗಬಹುದಿತ್ತು ಎನ್ನುವಷ್ಟು ದೂರ ಹೋದ.

ಆಧುನಿಕ ಯುಗದಲ್ಲಿ ಚರ್ಚೆ ಬೈಬಲ್ಲಿನ ಅಬ್ರಹಾಮನ ಕಥೆಯ ಸುತ್ತ ತೀವ್ರವಾಯಿತು. ಮಗನನ್ನು ಬಲಿ ಕೊಡೆಂಬ ದನಿ ಕೇಳಿದಾಗ ಅಬ್ರಹಾಮ ಏನು ಹೇಳಬೇಕಿತ್ತು? ಮಗನನ್ನು ಕೊಲ್ಲಬಾರದೆಂಬುದು ನನಗೆ ಖಚಿತ, ಮಾತಾಡುತ್ತಿರುವ ನೀನು ದೇವರೆಂಬುದು ಖಚಿತವಲ್ಲ ಎಂದು ಅವನು ಉತ್ತರಿಸಬೇಕಿತ್ತೆಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1798ರಲ್ಲಿ ಬರೆದ. 1843ರಲ್ಲಿ ಡೆನ್ಮಾರ್ಕಿನ ಕೀರ್ಕೆಗಾರ್ಡ್ ‘ಭಯ ಮತ್ತು ನಡುಕ’ ಕೃತಿಯಲ್ಲಿ ಅದೇ ಕಥೆಯಿಂದ ಬೇರೊಂದು ಪ್ರಶ್ನೆ ಎತ್ತಿದ: ಶ್ರದ್ಧೆಗಾಗಿ ನೀತಿಯನ್ನೇ ತಡೆಹಿಡಿಯಬಹುದೇ? ಹಾಗೆ ನಡೆದವನ ಸಂಕಟವನ್ನು ಅವನು ಮುಚ್ಚಿಡಲಿಲ್ಲ.

20ನೆಯ ಶತಮಾನದಲ್ಲಿ, ದೇವರ ಆಜ್ಞೆಯೇ ನೀತಿಯ ಆಧಾರವೆನ್ನುವ ದೈವಾಜ್ಞಾವಾದಕ್ಕೆ ಮರುಹುಟ್ಟು ಬಂತು. 1973ರಲ್ಲಿ ಅಮೆರಿಕದ ರಾಬರ್ಟ್ ಆಡಮ್ಸ್ ಅದಕ್ಕೊಂದು ಶರತ್ತು ಸೇರಿಸಿದರು: ಪ್ರೇಮಮಯಿಯಾದ ದೇವರ ಆಜ್ಞೆ ಮಾತ್ರ ನಮ್ಮನ್ನು ಕಟ್ಟಿಹಾಕುತ್ತದೆ, ಕ್ರೌರ್ಯಕ್ಕಾಗಿಯೇ ಕ್ರೌರ್ಯ ನಡೆಸೆಂಬ ಆಜ್ಞೆ ಬಂದರೆ ಪಾಲಿಸುವ ಹೊಣೆಯಿಲ್ಲ. 1978ರಲ್ಲಿ ತತ್ತ್ವಜ್ಞಾನಿ ಫಿಲಿಪ್ ಕ್ವಿನ್ ದೈವಾಜ್ಞಾವಾದವನ್ನು ತರ್ಕದ ಕಟ್ಟುನಿಟ್ಟಿನಲ್ಲಿ ಸಮರ್ಥಿಸಿದರು.

ಆಡಮ್ಸ್ ಹಾಕಿದ ಶರತ್ತೇ ಈ ದೀರ್ಘ ಚರ್ಚೆಯ ದೊಡ್ಡ ಗಳಿಕೆ ಎಂದು ನಾನು ತಿಳಿಯುತ್ತೇನೆ. ಆಜ್ಞಾಪಿಸುವವನು ಪ್ರೇಮಮಯಿಯೇ ಎಂದು ಗುರುತಿಸಬೇಕಾದದ್ದು ಪಾಲಿಸುವವನ ಅಂತಃಕರಣವೇ ತಾನೆ? ಅದರಲ್ಲೂ ಆಜ್ಞೆ ನಮಗೆ ತಲುಪುವುದು ಗ್ರಂಥ, ಗುರು, ಪುರೋಹಿತ, ಮುಖಂಡರ ಮೂಲಕ. ಅದನ್ನು ಒರೆಗೆ ಹಚ್ಚಿ ನೋಡುವುದು ಭಕ್ತಿಗೆ ಬಗೆದ ದ್ರೋಹವಲ್ಲ. ಹಾಗೆ ನೋಡಿ, ಪರಿಣಾಮದ ಹೊಣೆಯನ್ನು ತಾನೇ ಹೊತ್ತು ನಡೆದಾಗ ಮಾತ್ರ ವಿಧೇಯತೆಯನ್ನು ನೀತಿ ಎನ್ನಬಹುದು.