ರಚ್ಚಿನ ದೂಳು, ಬಿಗಿದ ಉಸಿರು

ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದು ಬಂದ ಬೆನ್ನಿಗೇ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮುಂದೆ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ, ಕೊಪ್ಪಗಳಲ್ಲೂ ಕಾರ್ಖಾನೆಗಳು ಎದ್ದವು. ಕಬ್ಬು ಮಳವಳ್ಳಿಯ ಕಡೆಗೂ ಹಬ್ಬಿತು. ಆಲೆಮನೆಗಳ ಹೊಗೆಯಂತೂ ಈ ಸೀಮೆಯ ಗುರುತೇ ಆಯಿತು. ಕಬ್ಬು ಅರೆಯುವಲ್ಲೆಲ್ಲ ರಚ್ಚಿನ, ಅಂದರೆ ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯ, ರಾಶಿ ಇದ್ದೇ ಇರುತ್ತದೆ.

ಗಾಣದಿಂದ ಆಗತಾನೆ ಬಿದ್ದ ರಚ್ಚು ಯಾರಿಗೂ ಕೇಡು ಮಾಡದು. ಅದರಲ್ಲಿ ಅರ್ಧದಷ್ಟು ನೀರೇ, ದೂಳೇಳುವ ಮಾತಿಲ್ಲ. ತೊಂದರೆಯಿರುವುದು ಪೇರಿಸಿಟ್ಟ ರಚ್ಚಿನಲ್ಲಿ. ಉಳಿದ ಸಕ್ಕರೆಯಂಶ ಹುಳಿಯುತ್ತ ರಾಶಿಯ ಒಡಲು ಕಾವೇರುತ್ತದೆ. ಐವತ್ತು ಅರುವತ್ತು ಡಿಗ್ರಿ ಶಾಖವನ್ನೇ ಬಯಸುವ ಸೂಕ್ಷ್ಮಜೀವಿಗಳು ಅಲ್ಲಿ ಬೆಳೆಯುತ್ತವೆ. ಒಣಗಿದ ಮೇಲೆ ರಾಶಿಯನ್ನು ಕೆದಕಿ ಹೊರುವಾಗ ಏಳುವ ದೂಳಿನಲ್ಲಿ ಅವುಗಳ ಬೀಜಕಣಗಳಿರುತ್ತವೆ. ಒಂದು ಮೈಕ್ರಾನಿನ ಆಸುಪಾಸಿನ ಈ ಕಣಗಳನ್ನು ಮೂಗು, ಗಂಟಲು ತಡೆಯಲಾರವು. ಶ್ವಾಸಕೋಶದ ಗಾಳಿಗೂಡಿನವರೆಗೂ ಇಳಿಯುತ್ತವೆ. ಹರಡಿ ಒಣಗಿಸಿ ಬೇಗ ಉರಿಸಿಬಿಡುವ ಆಲೆಮನೆಗಿಂತ, ತಿಂಗಳುಗಟ್ಟಲೆ ದಾಸ್ತಾನು ಮಾಡುವಲ್ಲಿ ಅಪಾಯ ಹೆಚ್ಚು.

ಈ ದೂಳಿನಿಂದ ಬರುವ ಕಾಯಿಲೆಯೇ ಬ್ಯಾಗಸೋಸಿಸ್. 1941ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಮೊದಲು ವರದಿಯಾಯಿತು. ಭಾರತದಲ್ಲಿ ಗಂಗೂಲಿ ಮತ್ತು ಪಾಲ್ ಎಂಬ ವೈದ್ಯರು 1955ರಲ್ಲಿ ಕೋಲ್ಕತ್ತ ಬಳಿಯ ರಟ್ಟಿನ ಕಾರ್ಖಾನೆಯೊಂದರಲ್ಲಿ ಇದನ್ನು ಗುರುತಿಸಿದರು. ಇದಕ್ಕೂ ಮುಂಚೆ, 1932ರಲ್ಲೇ, ಬೂಷ್ಟು ಹಿಡಿದ ಹುಲ್ಲಿನಿಂದ ಏದುಸಿರು ಬಂದ ಇಂಗ್ಲೆಂಡಿನ ರೈತರ ಬಗ್ಗೆ ಕ್ಯಾಂಪ್‌ಬೆಲ್ ಎಂಬ ವೈದ್ಯ ಬರೆದಿದ್ದ. ಈ ಬಗೆಯ ಕಾಯಿಲೆ ಸೋಂಕಲ್ಲ, ಒಳಹೋದ ಕಣಗಳ ವಿರುದ್ಧ ದೇಹವೇ ಸಾರುವ ಯುದ್ಧ ಎಂಬುದು 1960ರ ದಶಕದಲ್ಲಿ ಪೆಪಿಸ್ ಎಂಬ ವೈದ್ಯವಿಜ್ಞಾನಿ ಮತ್ತವರ ಸಂಗಡಿಗರ ರಕ್ತಪರೀಕ್ಷೆಗಳಿಂದ ಸ್ಪಷ್ಟವಾಯಿತು.

ಉಸಿರನ್ನು ಅಳೆಯುವ ವಿದ್ಯೆ ಇನ್ನೂ ಹಳೆಯದು. ಜಾನ್ ಹಚಿನ್‌ಸನ್ 1846ರಲ್ಲೇ ಸ್ಪೈರೋಮೀಟರನ್ನು ಲೋಕದ ಮುಂದಿಟ್ಟ. ಆ ಅಳತೆಯಲ್ಲಿ ಎರಡು ಬಗೆಯ ತೊಂದರೆ ಬೇರೆಬೇರೆಯಾಗಿ ಕಾಣುತ್ತವೆ. ಅಸ್ತಮಾದಲ್ಲಿ ಗಾಳಿ ಹೊರಹೋಗುವ ದಾರಿ ಕಿರಿದಾಗುತ್ತದೆ. ರಚ್ಚಿನ ಕಾಯಿಲೆಯಂಥವುಗಳಲ್ಲಿ ದಾರಿ ತೆರೆದೇ ಇರುತ್ತದೆ, ಆದರೆ ಗಾಳಿಗೂಡುಗಳ ನಡುವಿನ ತೆಳು ಗೋಡೆಗಳು ದಪ್ಪಗಾಗಿ ಶ್ವಾಸಕೋಶ ಸರಿಯಾಗಿ ಹಿಗ್ಗುವುದಿಲ್ಲ. ಒಳಗೆ ಹಿಡಿಯುವ ಗಾಳಿಯೇ ಕಡಿಮೆ. ಕಸುಬಿನ ದೂಳೆಲ್ಲ ಒಂದೇ ಬಗೆಯ ಪೆಟ್ಟು ಕೊಡುವುದಿಲ್ಲ: ರೇಷ್ಮೆ ನೂಲು ಬಿಚ್ಚುವ ಫಿಲೇಚರ್‌ಗಳ ಕೆಲಸಗಾರರಲ್ಲಿ ಬೆಂಗಳೂರಿನ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1985ರಲ್ಲಿ ವರದಿ ಮಾಡಿದ್ದು ಅಸ್ತಮಾವನ್ನು. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲುದೂಳು ತಂದಿದ್ದು ಸಿಲಿಕೋಸಿಸ್. ಭಾರತದ ಮೊದಲ ವರದಿ 1947ರಲ್ಲಿ ಬಂದದ್ದು ಅಲ್ಲಿಂದಲೇ.

ಕಾರಣವೇ ತಿಳಿಯದೆ ಶ್ವಾಸಕೋಶ ಗಟ್ಟಿಯಾಗುವುದೂ ಉಂಟು. ಅಮೆರಿಕದ ವೈದ್ಯರಾದ ಹ್ಯಾಮನ್ ಮತ್ತು ರಿಚ್ 1944ರಲ್ಲಿ ಅಂಥ ನಾಲ್ವರ ಕಥೆ ಬರೆದರು. ಬಹುಕಾಲ ಸ್ಟೀರಾಯ್ಡೇ ಗತಿಯಾಗಿತ್ತು. 2012ರಲ್ಲಿ ಒಂದು ದೊಡ್ಡ ಪ್ರಯೋಗ, ಕಾರಣ ತಿಳಿಯದ ಈ ಬಗೆಗೆ ಸ್ಟೀರಾಯ್ಡ್ ಸೇರಿದ ಮೂರು ಮದ್ದುಗಳ ಜೋಡಣೆ ಹಾನಿಯನ್ನೇ ಮಾಡುತ್ತದೆಂದು ತೋರಿಸಿತು. 2014ರಲ್ಲಿ ಪಿರ್ಫೆನಿಡೋನ್, ನಿಂಟೆಡಾನಿಬ್ ಮದ್ದುಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವು ಗಟ್ಟಿಯಾಗುವ ವೇಗವನ್ನು ತಗ್ಗಿಸುತ್ತವೆ, ಗಟ್ಟಿಯಾದದ್ದನ್ನು ಮೆತ್ತಗೆ ಮಾಡವು.

ನಮಗೆ ಹೆಚ್ಚು ಹತ್ತಿರದ ಪಾಠ 2017ರದು. ದೇಶದ 27 ಆಸ್ಪತ್ರೆಗಳಿಂದ ಕಲೆಹಾಕಿದ, ಇಂಥ ಶ್ವಾಸಕೋಶದ ಕಾಯಿಲೆಗಳಿದ್ದ 1,084 ರೋಗಿಗಳಲ್ಲಿ ಶೇ. 47ರಷ್ಟು ಜನರಿಗಿದ್ದದ್ದು ಉಸಿರಿನೊಂದಿಗೆ ಒಳಹೋದ ಕಣಗಳಿಗೆ ದೇಹ ಸಿಡಿದೇಳುವ ಬಗೆ. ಬ್ಯಾಗಸೋಸಿಸ್ ಕೂಡ ಆ ಜಾತಿಯದೇ. ಅಂಥವರಲ್ಲಿ ಸುಮಾರು ಅರ್ಧದಷ್ಟು ಜನರ ಮನೆಯಲ್ಲಿ, ತೇವದಲ್ಲಿ ಬೂಷ್ಟು ಬೆಳೆಯಬಲ್ಲ ಏರ್ ಕೂಲರ್ ಇತ್ತು. ಸಿ.ಟಿ. ಸ್ಕ್ಯಾನ್ ಶ್ವಾಸಕೋಶದ ಕಲೆಯ ಗೆರೆಗಳನ್ನು ತೋರಿಸಬಲ್ಲದು. ದೂಳು ಎಲ್ಲಿಯದೆಂದು ರೋಗಿಯನ್ನು ಕೇಳಿಯೇ ತಿಳಿಯಬೇಕು.

ಹಾಗೆ ಕೇಳದಿದ್ದರೆ ಏನಾಗುತ್ತದೆ? ರಚ್ಚಿನ ದೂಳು ಕುಡಿದ ನಾಲ್ಕಾರು ಗಂಟೆಗೆ ಚಳಿಜ್ವರ, ಕೆಮ್ಮು, ಮೈಕೈ ನೋವು. ಎರಡು ದಿನ ಮನೆಯಲ್ಲಿ ಮಲಗಿದರೆ ವಾಸಿ, ಕೆಲಸಕ್ಕೆ ಹೋದರೆ ಮತ್ತೆ ಹಾಜರು. ಇದನ್ನು ಫ್ಲೂ ಎಂದು ಬಿಟ್ಟುಬಿಡುವುದು ಸುಲಭ. ವರ್ಷಗಟ್ಟಲೆ ಎಳೆದು ತೂಕ ಇಳಿದು ಒಣಕೆಮ್ಮು ಬೇರೂರಿದಾಗ ಕಫದಲ್ಲಿ ಕ್ರಿಮಿ ಕಾಣದಿದ್ದರೂ ಕ್ಷಯದ ಗುಳಿಗೆ ಶುರುವಾಗುವುದುಂಟು. ಇಲ್ಲಿ ಕಳೆದುಹೋಗುವ ಕಾಲ ಬಹಳ ದುಬಾರಿ: ಮೊದಮೊದಲಿಗೆ ದೂಳಿನಿಂದ ದೂರ ಸರಿದರೆ ಶ್ವಾಸಕೋಶ ಚೇತರಿಸಿಕೊಳ್ಳುತ್ತದೆ, ತಡವಾದರೆ ಕಲೆ ಕಾಯಂ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೇ ಪಟ್ಟಿಯಲ್ಲಿ ಬ್ಯಾಗಸೋಸಿಸ್ ಹೆಸರು ಸೇರಿತ್ತು. ಆದರೆ 1948ರ ಕಾರ್ಮಿಕರ ರಾಜ್ಯ ವಿಮಾ (ಇ.ಎಸ್.ಐ.) ಕಾಯ್ದೆ ಸಕ್ಕರೆ, ಬೆಲ್ಲ ಮಾತ್ರ ತಯಾರಿಸುವ ಕಾರ್ಖಾನೆಗಳನ್ನು ಋತುಮಾನದವೆಂದು ಹೊರಗಿಟ್ಟಿತು. ರೋಗಕ್ಕೆ ಹತ್ತಿರವಿರುವವರೇ ವಿಮೆಗೆ ದೂರವಾದದ್ದು ಅನ್ಯಾಯ. ತಡೆಯುವ ದಾರಿಯಾದರೂ ಕಷ್ಟದ್ದಲ್ಲ. ದಾಸ್ತಾನಿನ ರಚ್ಚಿನ ತೇವ ಶೇ. 20ಕ್ಕಿಂತ ಇಳಿಯದಂತೆ ನೋಡಿಕೊಂಡರೆ ದೂಳೇಳದು, ಶೇ. 2ರ ಪ್ರೊಪಿಯಾನಿಕ್ ಆಮ್ಲ ಸಿಂಪಡಿಸಿದರೆ ಬೂಷ್ಟು ಬೆಳೆಯುವುದಿಲ್ಲ.