ಬಿದಿರ ಕೋಲು, ಕಬ್ಬಿಣದ ಕೊಳವೆ

ದೀಪಾವಳಿ ಬಂತೆಂದರೆ ರೋಣ, ಗಜೇಂದ್ರಗಡಗಳ ಪೇಟೆಯಲ್ಲಿ ಮಕ್ಕಳು ಕೈಚಾಚುವ ಆಕಾಶಬಾಣದ ರಚನೆ ಬಲು ಸರಳ. ಒಂದು ಕಾಗದದ ಕೊಳವೆ, ಅದರೊಳಗೆ ಮದ್ದು, ಪಕ್ಕಕ್ಕೆ ಕಟ್ಟಿದ ಒಂದು ಕಡ್ಡಿ. ಈ ಆಟಿಕೆಗೂ ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರ ನಿದ್ದೆಗೆಡಿಸಿದ ಮೈಸೂರಿನ ಯುದ್ಧಬಾಣಕ್ಕೂ ಇರುವ ಮುಖ್ಯ ವ್ಯತ್ಯಾಸ ಒಂದೇ. ಅಲ್ಲಿ ಕೊಳವೆ ಕಾಗದದ್ದಲ್ಲ, ಕಬ್ಬಿಣದ್ದು.

ಬಾಣ ಬಿರುಸುಗಳು ನಮ್ಮ ನಾಡಿಗೆ ಹೊಸವಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ಸಂಭ್ರಮವನ್ನು ಬಣ್ಣಿಸುವಾಗ ಬಾಣಬಿರುಸುಗಳ ಆಟವನ್ನು ಮರೆಯದೆ ಹೇಳಿದ್ದಾನೆ. ಮೊಗಲರೂ ಮರಾಠರೂ ಯುದ್ಧದಲ್ಲಿ ಬಾಣಗಳನ್ನು ಬಳಸುತ್ತಿದ್ದರು. ಹೈದರಾಲಿಯ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನಲ್ಲಿ ಐವತ್ತು ಮಂದಿ ಬಾಣಗಾರರ ನಾಯಕನಾಗಿದ್ದನೆಂದು ಇತಿಹಾಸಕಾರರು ಬರೆಯುತ್ತಾರೆ. ಆದ್ದರಿಂದ ‘ರಾಕೆಟ್ಟನ್ನು ಟಿಪ್ಪು ಕಂಡುಹಿಡಿದ’ ಎಂದು ಭಾಷಣಗಳಲ್ಲಿ ಕೇಳಿಬರುವ ಮಾತು ಸರಿಯಲ್ಲ. ಮೈಸೂರಿನವರು ಮಾಡಿದ್ದು ಬೇರೆ, ಅದು ಸಣ್ಣ ಕೆಲಸವೂ ಅಲ್ಲ.

ಮದ್ದು ಉರಿದಾಗ ಹುಟ್ಟುವ ಬಿಸಿ ಅನಿಲ ಹಿಂದಿನ ಕಿರುಗಂಡಿಯಿಂದ ರಭಸವಾಗಿ ನುಗ್ಗುತ್ತದೆ. ಕೊಳವೆ ಮುಂದಕ್ಕೆ ಹಾರುತ್ತದೆ. ಒಳಗೆ ಒತ್ತಡ ಹೆಚ್ಚಿದಷ್ಟೂ ವೇಗ ಹೆಚ್ಚು, ದೂರವೂ ಹೆಚ್ಚು. ಆದರೆ ಕಾಗದ ಅಥವಾ ಬಿದಿರಿನ ಕೊಳವೆ ಒಂದು ಮಿತಿಯಾಚೆ ಒತ್ತಡ ತಾಳದು, ಒಡೆದು ಹೋಗುತ್ತದೆ. ಬಡಿದು ಹದಗೊಳಿಸಿದ ಮೆದು ಕಬ್ಬಿಣ ತಾಳುತ್ತದೆ. ಅದರಲ್ಲಿ ಮದ್ದನ್ನು ಬಿಗಿಯಾಗಿ ತುರುಕಬಹುದು. ಇನ್ನು ಕಟ್ಟಿದ ಕೋಲು ಅಲಂಕಾರಕ್ಕಲ್ಲ. ಅದಿಲ್ಲದೆ ಹೋದರೆ ಬಾಣ ಗಾಳಿಯಲ್ಲಿ ಗಿರಕಿ ಹೊಡೆದು ಹಾರಿಸಿದವನ ಮೇಲೆಯೇ ಬಂದೀತು. ಲಂಡನ್ ಬಳಿಯ ವೂಲಿಚ್‌ಗೆ ಸೇರಿದ ಎರಡು ಮೈಸೂರು ಬಾಣಗಳ ಅಳತೆಯನ್ನು ನಮ್ಮ ವಾಯುವಿಜ್ಞಾನಿ ರೊದ್ದಂ ನರಸಿಂಹ ಕೊಟ್ಟಿದ್ದಾರೆ. ಒಂದರ ಕೊಳವೆ ಸುಮಾರು 10 ಅಂಗುಲ ಉದ್ದ, 2.3 ಅಂಗುಲ ದಪ್ಪ. ಅದನ್ನು ತೊಗಲಿನ ಪಟ್ಟಿಯಿಂದ ಮೂರಡಿಗೂ ಮಿಕ್ಕಿದ ಕತ್ತಿಯ ಅಲಗಿಗೆ ಬಿಗಿದಿದ್ದಾರೆ. ಇನ್ನೊಂದು ಚಿಕ್ಕದು, ಆರಡಿ ಮೀರಿದ ಬಿದಿರಿಗೆ ಕಟ್ಟಿದ್ದು. ಇಂಥ ಬಾಣಗಳು ಸುಮಾರು ಸಾವಿರ ಗಜದವರೆಗೆ ಹೋಗುತ್ತಿದ್ದವು. ಆ ಕಾಲದ ಯೂರೋಪಿನಲ್ಲಿ ಇಂಥದ್ದು ಇರಲಿಲ್ಲ.

ಗುರಿಯ ಮಟ್ಟಿಗೆ ಹೇಳುವುದಾದರೆ, ಒಂದು ಬಾಣವನ್ನು ನೆಚ್ಚುವಂತಿರಲಿಲ್ಲ. ಅದಕ್ಕೇ ನೂರಾರನ್ನು ಒಟ್ಟಿಗೆ ಬಿಡುತ್ತಿದ್ದರು. ಕೋಟೆಯ ಗೋಡೆಗೆ ಅವು ಏನೂ ಮಾಡಲಾರವು. ಬಯಲಿನಲ್ಲಿ ಗುಂಪುಗೂಡಿದ ಕುದುರೆ ದಂಡಿನ ಮೇಲೆ ಬಿದ್ದರೆ ಮಾತ್ರ ಕುದುರೆಗಳು ಬೆದರಿ ಓಡಬೇಕು, ಅಷ್ಟೆ. ನರಗುಂದ, ರೋಣಗಳ ಎರೆ ಹೊಲವನ್ನು ಮಳೆಗಾಲದಲ್ಲಿ ದಾಟಿದವರಿಗೆ ಇನ್ನೊಂದು ಸಂಗತಿಯೂ ಹೊಳೆದೀತು. ಒಂದು ಹದ ಮಳೆ ಬಿದ್ದರೆ ಚಕ್ಕಡಿಯ ಗಾಲಿಯೇ ಹೂತು ಹೋಗುವ ನೆಲವಿದು. ಎತ್ತುಗಳು ಎಳೆಯುವ ತೋಪುಗಳ ಪಾಡೇನು? ಬಾಣಕ್ಕೆ ತೋಪಿನ ಹಾಗೆ ಹಿಂದೊದೆತವಿಲ್ಲ. ಹಾಗಾಗಿ ಭಾರದ ಗಾಡಿಯೂ ಬೇಡ. ಆಳು ಹೊತ್ತೊಯ್ಯಬಹುದು, ಒಂಟೆಯ ಮೇಲೆ ಹೇರಬಹುದು.

ಈ ಬಾಣಗಳನ್ನು ಹೊತ್ತ ಸೈನ್ಯಕ್ಕೂ ನಮ್ಮ ಈ ಮೂರು ಊರುಗಳಿಗೂ ಇರುವ ನಂಟು ಹೆಮ್ಮೆಯದೊಂದೇ ಅಲ್ಲ. 1778ರ ಹೊತ್ತಿಗೆ ಹೈದರನು ಕೃಷ್ಣೆಯವರೆಗಿನ ನಾಡನ್ನು ಹಿಡಿದಾಗ ನರಗುಂದದ ಭಾವೆ ಮನೆತನ ಅವನಿಗೆ ಕಪ್ಪ ಕೊಟ್ಟು ಸಂಸ್ಥಾನವನ್ನು ಉಳಿಸಿಕೊಂಡಿತ್ತು. ಟಿಪ್ಪು ಹೆಚ್ಚಿನ ಕಪ್ಪ ಕೇಳಿದ. ವೆಂಕಟರಾವ್ ಭಾವೆಯ ಕಾರಭಾರಿ ಕಾಳೋಪಂತ ಪೇಠೆ ಒಪ್ಪಲಿಲ್ಲ. ಪುಣೆಯ ಬೆಂಬಲವನ್ನು ನೆಚ್ಚಿದ. 1785ರಲ್ಲಿ ಟಿಪ್ಪುವಿನ ಮೈದುನ ಬುರ್ಹಾನುದ್ದೀನನ ಮುಂದಾಳತ್ವದಲ್ಲಿ ಸೈನ್ಯ ಬಂದು, ಬಯಲ ನಡುವೆ ಒಂಟಿಯಾಗಿ ಎದ್ದ ನರಗುಂದದ ಗುಡ್ಡವನ್ನು ಸುತ್ತುಗಟ್ಟಿತು. ತಿಂಗಳುಗಟ್ಟಲೆ ನಡೆದ ಮುತ್ತಿಗೆಯ ನಂತರ, ಪ್ರಾಣಕ್ಕೆ ಅಪಾಯವಿಲ್ಲವೆಂಬ ಮಾತನ್ನು ನಂಬಿ ಕೋಟೆಯವರು ಇಳಿದು ಬಂದರು. ಆ ಮಾತು ಉಳಿಯಲಿಲ್ಲ. ವೆಂಕಟರಾವನನ್ನೂ ಕಾಳೋಪಂತನನ್ನೂ ಸಂಕೋಲೆ ತೊಡಿಸಿ ಕಬ್ಬಾಳದುರ್ಗದ ಸೆರೆಗೆ ಅಟ್ಟಿದರು. ಕಿತ್ತೂರಿಗೂ ಅದೇ ಗತಿಯಾಯಿತು.

ಇದೇ ನೆವವಾಗಿ ಮರಾಠರೂ ನಿಜಾಮನೂ ಒಂದಾಗಿ 1786ರಲ್ಲಿ ದಂಡೆತ್ತಿ ಬಂದರು. ಮೇ ತಿಂಗಳಲ್ಲಿ ಬಾದಾಮಿ ಬಿತ್ತು, ಬೆನ್ನಿಗೇ ಗಜೇಂದ್ರಗಡ. ಕೊನೆಗೆ 1787ರಲ್ಲಿ ಒಪ್ಪಂದವಾಯಿತು. ಅದಕ್ಕೆ ಗಜೇಂದ್ರಗಡದ ಒಪ್ಪಂದವೆಂದೇ ಹೆಸರು. ಟಿಪ್ಪು 48 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಬಾದಾಮಿ, ಕಿತ್ತೂರು, ನರಗುಂದಗಳನ್ನು ಮರಾಠರಿಗೆ ಬಿಟ್ಟುಕೊಟ್ಟ. ಎರಡೂ ಕಡೆಯ ದಂಡು ಹಾದುಹೋದ ಹೊಲಗಳ ರೈತ ಏನು ಪಡೆದ ಎಂಬುದನ್ನು ಯಾವ ಒಪ್ಪಂದವೂ ಬರೆಯಲಿಲ್ಲ.

ಹೈದರನ ಕಾಲದಲ್ಲಿ 1,200ರಷ್ಟಿದ್ದ ಬಾಣಗಾರರು ಟಿಪ್ಪುವಿನ ಕಾಲಕ್ಕೆ 5,000 ಮಂದಿಯಾದರೆಂದು ಲೆಕ್ಕ ಹೇಳುತ್ತಾರೆ. ಅವನ ಸೇನಾಶಾಸ್ತ್ರದ ಗ್ರಂಥ ‘ಫತುಲ್ ಮುಜಾಹಿದೀನ್’ ಕಾಲಾಳು ದಳಗಳಿಗೆ ಬಾಣಗಾರರ ತುಕಡಿಯನ್ನು ಗೊತ್ತುಪಡಿಸಿತ್ತು. ಬೆಂಗಳೂರಿನ ತಾರಾಮಂಡಲಪೇಟೆ ಆ ಉದ್ಯಮದ ಹೆಸರನ್ನು ಇಂದಿಗೂ ಹೊತ್ತಿದೆ. 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸಿಡಿದು ಇಂಗ್ಲಿಷ್ ಪಡೆ ನಾಶವಾಯಿತಲ್ಲ, ಆ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ನೋಡಬಹುದು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಬಾಣಗಳ ಮಳೆಗೆ ದಿಕ್ಕೆಟ್ಟು ಹಿಮ್ಮೆಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಗೆದ್ದ ಅದೇ ಸೇನಾನಿ!

ಒಂದು ತಿಂಗಳಲ್ಲಿ ಎಲ್ಲ ಮುಗಿಯಿತು. ಮೇ 4ರಂದು ಕೋಟೆ ಬಿದ್ದಾಗ ಇಂಗ್ಲಿಷರಿಗೆ 700 ಸಿದ್ಧ ಬಾಣಗಳೂ 9,000 ಖಾಲಿ ಕೊಳವೆಗಳೂ ಸಿಕ್ಕವೆಂದು ಲೆಕ್ಕವಿದೆ. ವೂಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ 1804ರ ಸುಮಾರಿಗೆ ಪ್ರಯೋಗಕ್ಕಿಳಿದ. ಮದ್ದಿನ ಪಾಕ, ಕೊಳವೆಯ ಅಳತೆ, ಹಾರುವ ದೂರ ಎಲ್ಲವನ್ನೂ ಅಳೆದು ಬರೆದಿಟ್ಟು, ಮತ್ತೆ ಮತ್ತೆ ಹಾರಿಸಿ ನೋಡಿದ. ಅವನ ರಾಕೆಟ್ಟು 3,000 ಗಜದಷ್ಟು ದೂರ ಹೋಯಿತು. 1807ರಲ್ಲಿ ಕೋಪನ್‌ಹೇಗನ್ ನಗರ ಹೊತ್ತಿ ಉರಿಯುವುದಕ್ಕೆ ಅದೂ ಒಂದು ಕಾರಣ. 1814ರಲ್ಲಿ ಬಾಲ್ಟಿಮೋರ್ ಬಳಿಯ ಕೋಟೆಯ ಮೇಲೆ ಹಾರಿದ ಅವೇ ರಾಕೆಟ್ಟುಗಳ ಬೆಳಕು ಅಮೆರಿಕದ ರಾಷ್ಟ್ರಗೀತೆಯೊಳಗೂ ಸೇರಿದೆ. ಮೈಸೂರಿನ ಕಮ್ಮಾರರಿಗೆ ಕೈಯ ಹದವಿತ್ತು. ಕಾಂಗ್ರೀವನಿಗೆ ಆ ಹದದ ಜೊತೆಗೆ ಕಾಗದದ ಮೇಲಿನ ಲೆಕ್ಕವೂ, ಬೆನ್ನಿಗೊಂದು ಕಾರ್ಖಾನೆಯೂ ಇದ್ದವು. ನನ್ನ ದೃಷ್ಟಿಯಲ್ಲಿ ಸೋಲು ಗೆಲುವುಗಳಿಗಿಂತ ಈ ವ್ಯತ್ಯಾಸವೇ ಹೆಚ್ಚು ಯೋಚಿಸಬೇಕಾದದ್ದು. 1963ರಲ್ಲಿ ಅಮೆರಿಕದ ವಾಲಪ್ಸ್ ಕೇಂದ್ರಕ್ಕೆ ಹೋಗಿದ್ದ ಅಬ್ದುಲ್ ಕಲಾಂ ಅಲ್ಲಿಯ ಗೋಡೆಯ ಮೇಲೆ ಟಿಪ್ಪುವಿನ ಬಾಣಗಾರರ ಚಿತ್ರ ಕಂಡು ಪುಲಕಗೊಂಡದ್ದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಹೆಮ್ಮೆ ನ್ಯಾಯವಾದದ್ದೇ. ನರಗುಂದದ ಗುಡ್ಡದ ಮೇಲಿಂದ ನೋಡಿದವರಿಗೆ ಅದೇ ಸೈನ್ಯ ಬೇರೆಯಾಗಿ ಕಂಡಿದ್ದರೆ ಅದೂ ನ್ಯಾಯವೇ.

ಯುದ್ಧದ ಹಂಗಿಲ್ಲದೆ, ಬರಿಯ ಹವ್ಯಾಸಕ್ಕಾಗಿ ರಾಕೆಟ್ ಹಾರಿಸುವವರೂ ಇದ್ದಾರೆ. 1957ರಲ್ಲಿ ನೆಬ್ರಾಸ್ಕಾದ ಜೋಡಿನ ಅಂಗಡಿಯವನಾದ ಆರ್ವಿಲ್ ಕಾರ್ಲೈಲ್, ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್ ಸೇರಿ ಹುಡುಗರಿಗಾಗಿ ಸುರಕ್ಷಿತವಾದ ಮಾದರಿ ರಾಕೆಟ್ಟನ್ನು ಬಳಕೆಗೆ ತರಲು ಮುಂದಾದರು. ಮನೆಯಲ್ಲೇ ಲೋಹದ ಕೊಳವೆಗೆ ಮದ್ದು ತುಂಬಿ ಕೈಕಾಲು ಕಳೆದುಕೊಳ್ಳುತ್ತಿದ್ದ ಹುಡುಗರ ಗೋಳು ಅವರ ಕಣ್ಣ ಮುಂದಿತ್ತು. ಹೀಗಾಗಿ ಅವರು ಹೋದದ್ದು ಹಿಂದಕ್ಕೆ: ಕಬ್ಬಿಣ ಬಿಟ್ಟು ಕಾಗದಕ್ಕೆ. ಒಡೆದರೂ ಚೂರುಗಳು ಕೊಲ್ಲುವುದಿಲ್ಲ. ಕೋಲಿನ ಬದಲು ಬಾಲಕ್ಕೆ ರೆಕ್ಕೆಗಳು, ಬೆಂಕಿಕಡ್ಡಿಯ ಬದಲು ದೂರದಿಂದ ವಿದ್ಯುತ್ ಕಿಡಿ. ಆಮೇಲೆ ದೊಡ್ಡವರಿಗೆ ಇದು ಸಾಲದಾಯಿತು. ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯ ಒಣಗಿದ ಕೆರೆಯಂಗಳದಲ್ಲಿ ಆಳೆತ್ತರ ಮೀರಿದ ರಾಕೆಟ್ಟುಗಳನ್ನು ನಿಲ್ಲಿಸಿ ಮೈಲಿಗಟ್ಟಲೆ ಮೇಲಕ್ಕೆ ಹಾರಿಸುತ್ತಾರೆ. ಪ್ಯಾರಾಚೂಟ್ ಬಿಚ್ಚಿ ಇಳಿದದ್ದನ್ನು ಹುಡುಕಿಕೊಂಡು ಹೋಗುತ್ತಾರೆ. ದೊಡ್ಡ ಮೋಟಾರು ಕೊಳ್ಳಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಅರ್ಹತಾಪತ್ರ ಪಡೆದಿರಬೇಕು. ಆ ಮೋಟಾರುಗಳಿಗೆ ಮತ್ತೆ ಲೋಹದ ಕವಚವೇ ಬೇಕಾಗಿದೆ, ಈ ಸಲ ಅಲ್ಯೂಮಿನಿಯಂ. ಒತ್ತಡದ ನಿಯಮ ಯಾರಿಗೂ ರಿಯಾಯಿತಿ ಕೊಡುವುದಿಲ್ಲವಲ್ಲ.

ಮೈಸೂರಿನ ಬಾಣಗಳಲ್ಲಿ ಹೆಚ್ಚಿನವು ಮಣ್ಣಾದವೆಂದೇ ಬಹುಕಾಲ ನಂಬಿಕೆಯಿತ್ತು. 2018ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ಪುರಾತತ್ವ ಇಲಾಖೆಯವರು ಒಂದು ಹಾಳು ಬಾವಿಯನ್ನು ಅಗೆದರು. ಹೂಳಿನಿಂದ ಮದ್ದಿನ ವಾಸನೆ ಬರುತ್ತಿತ್ತಂತೆ. ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಅಲ್ಲಿ ರಾಶಿಬಿದ್ದಿದ್ದವು, ಒಂದೊಂದೂ ಹೆಚ್ಚುಕಡಿಮೆ ಗೇಣುದ್ದ.