ಕೂಲಿಯ ತಕ್ಕಡಿ

ನಾಂಪಲ್ಲಿ ಎಂದರೆ ನಮ್ಮ ಕಡೆಯವರಿಗೆ ಮೊದಲು ಸ್ಟೇಷನ್ನು. 1907ರಲ್ಲಿ ಶುರುವಾದ ಈ ನಿಲ್ದಾಣದ ಸರ್ಕಾರಿ ಹೆಸರು ಹೈದರಾಬಾದ್ ಡೆಕ್ಕನ್. ಆ ಹೆಸರು ಟಿಕೆಟ್ಟಿನ ಮೇಲಷ್ಟೇ, ಬಾಯಲ್ಲಿ ನಾಂಪಲ್ಲಿಯೇ. ಕಲಬುರಗಿ, ವಾಡಿ ದಾಟಿ ಬರುವ ಹುಸೇನ್‌ಸಾಗರ ಎಕ್ಸ್‌ಪ್ರೆಸ್ಸಿನ ಕೊನೆಯ ನಿಲ್ದಾಣ ಇದು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿ. ಆಮೇಲೆ ರಾಜಧಾನಿ ಬೆಂಗಳೂರಾಯಿತು, ಆದರೆ ಗುಳೆ ಹೋಗುವವರ ದಾರಿ ಬದಲಾಗಲಿಲ್ಲ. ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಇಟ್ಟಿಗೆ ಹೊರುವ ಹೆಣ್ಣುಮಕ್ಕಳು ಇವತ್ತಿಗೂ ಈ ಕಡೆಗೇ ಬರುತ್ತಾರೆ. ಅವರಲ್ಲಿ ಕೆಲವರು ಇಲ್ಲಿಂದ ಇನ್ನೂ ಮುಂದಕ್ಕೆ, ಕೊಲ್ಲಿ ದೇಶಗಳಿಗೆ ಹೋಗುತ್ತಾರೆ.

ಊರಿಗೆ ಹೋದಾಗಲೆಲ್ಲ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಹೈದರಾಬಾದಿನಾಗ ದುಡಿಯೋದು ಛಲೋನೋ, ದುಬೈ ಛಲೋನೋ?" ಪಗಾರ ಎಷ್ಟು ಎಂದು ಹೇಳಿದರೆ ಉತ್ತರ ಮುಗಿಯಿತು ಎಂದು ಅವರೂ ಅಂದುಕೊಳ್ಳುತ್ತಾರೆ, ಹೇಳುವವರೂ ಅಂದುಕೊಳ್ಳುತ್ತಾರೆ. ಆದರೆ ಒಂದು ದೇಶದ ಕೂಲಿಯವನ ಬದುಕನ್ನು ಇನ್ನೊಂದು ದೇಶದ ಕೂಲಿಯವನ ಬದುಕಿನ ಜೊತೆ ತೂಗುವ ಕೆಲಸಕ್ಕೆ ನೂರೈವತ್ತು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸದ ಒಂದೆರಡು ತುಣುಕುಗಳು ನಾಂಪಲ್ಲಿಯಲ್ಲೇ ಬಿದ್ದಿವೆ. ತೂಕಕ್ಕಿಂತ ತಕ್ಕಡಿಯ ಕಥೆಯೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನಿಸಿಕೆ.

ಮೊದಲ ತಕ್ಕಡಿ ಹೊಟ್ಟೆ. 1857ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಅಂಕಿಅಂಶ ಅಧಿಕಾರಿ ಅರ್ನ್‌ಸ್ಟ್ ಎಂಗೆಲ್ ಬೆಲ್ಜಿಯಂನ ಕೂಲಿಕಾರ ಕುಟುಂಬಗಳ ಖರ್ಚಿನ ಲೆಕ್ಕಗಳನ್ನು ಇಟ್ಟುಕೊಂಡು ಒಂದು ಮಾತು ಹೇಳಿದ: ಮನೆ ಬಡವಾದಷ್ಟೂ ಅದರ ಗಳಿಕೆಯಲ್ಲಿ ಊಟಕ್ಕೆ ಹೋಗುವ ಪಾಲು ದೊಡ್ಡದು. ಈ ಸರಳ ಸೂತ್ರದಿಂದ ನಾಣ್ಯ ಯಾವುದೇ ಇರಲಿ, ಎರಡು ದೇಶಗಳ ಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ವ್ಯಾಪಾರ ಮಂಡಳಿಯೇ ತನ್ನ ದೇಶದ ಜೊತೆಗೆ ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ಅಮೆರಿಕಗಳ ಕಾರ್ಮಿಕರ ಬಾಡಿಗೆ, ದಿನಸಿ ಬೆಲೆ ಮತ್ತು ಕೂಲಿಯನ್ನು ಹೋಲಿಸಿ ದಪ್ಪ ದಪ್ಪ ವರದಿಗಳನ್ನು ಹೊರತಂದಿತು.

ನಮ್ಮ ದೇಶದಲ್ಲಿ ಇಂಥ ಲೆಕ್ಕ ದೊಡ್ಡ ಮಟ್ಟದಲ್ಲಿ ನಡೆದದ್ದು ಮುಂಬೈಯಲ್ಲಿ. ಅಲ್ಲಿನ ಲೇಬರ್ ಆಫೀಸಿನ ಫಿಂಡ್ಲೆ ಶಿರಸ್ 1921-22ರಲ್ಲಿ ಗಿರಣಿ ಕಾರ್ಮಿಕರ ಮನೆಖರ್ಚನ್ನು ವಿಚಾರಿಸಿ 1923ರಲ್ಲಿ ವರದಿ ಕೊಟ್ಟ. ಅದರಲ್ಲಿದ್ದ ಒಂದು ತೀರ್ಮಾನ ಇಂದಿಗೂ ಚುಚ್ಚುತ್ತದೆ. ಮುಂಬೈಯ ಕಾರ್ಮಿಕ ತಿನ್ನುವ ಧಾನ್ಯ, ಬರಗಾಲದ ಕಾನೂನು ಕೊಡಲು ಹೇಳಿದ ಗರಿಷ್ಠ ಪ್ರಮಾಣದಷ್ಟಿದೆ. ಆದರೆ ಜೈಲಿನ ಕೈದಿಗೆ ನಿಗದಿಯಾದ ಊಟಕ್ಕಿಂತ ಕಡಿಮೆ ಇದೆ. ಲಂಡನ್ನಿನ ಕಾರ್ಮಿಕನ ಜೊತೆ ಹೋಲಿಸುವ ತನಕ ಹೋಗಬೇಕಾಗಿಯೇ ಇರಲಿಲ್ಲ. ಅದೇ ಊರಿನ ಕೈದಿಯ ಜೊತೆ ಹೋಲಿಸಿದರೂ ಗಿರಣಿಯವನ ತಟ್ಟೆ ಹಗುರವಾಗಿತ್ತು.

ಎರಡನೆಯ ತಕ್ಕಡಿಯನ್ನು ತಂದದ್ದು ಒಂದು ಕಾರು ಕಂಪನಿ. 1929ರಲ್ಲಿ ಫೋರ್ಡ್ ಕಂಪನಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ಒಂದು ಪ್ರಶ್ನೆ ಹಾಕಿತು: ಡೆಟ್ರಾಯಿಟ್‌ನಲ್ಲಿ ದಿನಕ್ಕೆ ಸುಮಾರು 7 ಡಾಲರ್ ಪಡೆಯುವ ನಮ್ಮ ಕಾರ್ಮಿಕ ಬದುಕುವ ಹಾಗೆ ಯುರೋಪಿನ ನಗರಗಳ ಕಾರ್ಮಿಕನೂ ಬದುಕಬೇಕಾದರೆ ಅಲ್ಲಿ ಅವನಿಗೆ ಎಷ್ಟು ಕೊಡಬೇಕು? ಇದಕ್ಕಾಗಿ ಡೆಟ್ರಾಯಿಟ್‌ನಲ್ಲಿ ಫೋರ್ಡ್ ಕಾರ್ಮಿಕರ 100 ಕುಟುಂಬಗಳ ಖರ್ಚನ್ನು ಪಟ್ಟಿ ಮಾಡಿದರು. ಬೋಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್ ಸ್ಥಾಪಿಸಿದ್ದ ನಿಧಿ 25,000 ಡಾಲರ್ ಕೊಟ್ಟಿತು. ತೊಡಕು ಶುರುವಾದದ್ದು ಪಟ್ಟಿ ಹಿಡಿದು ಯುರೋಪಿನ ಅಂಗಡಿಗೆ ಹೋದಾಗ. ಒಂದು ಊರಿನಲ್ಲಿ ದಿನವೂ ಕೊಳ್ಳುವ ಸಾಮಾನು ಇನ್ನೊಂದು ಊರಿನಲ್ಲಿ ಅಪರೂಪದ್ದು. ಅಲ್ಲಿಯ ಬ್ರೆಡ್ಡು, ಮಾಂಸ, ಮನೆ, ಎಲ್ಲವೂ ಬೇರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಜೋಳದ ರೊಟ್ಟಿ ತಿನ್ನುವವನ ಬದುಕನ್ನು ಅಕ್ಕಿಯ ರೇಟಿನಲ್ಲಿ ಅಳೆದ ಹಾಗೆ. 1932ರಲ್ಲಿ ವರದಿಯೇನೋ ಬಂತು. ಆದರೆ ಅದು ಬಿಟ್ಟುಹೋದ ಪ್ರಶ್ನೆ ಉತ್ತರಕ್ಕಿಂತ ದೊಡ್ಡದು: ಯಾರ ಬುಟ್ಟಿಯನ್ನು ಅಳತೆಗೋಲಾಗಿ ಹಿಡಿಯಬೇಕು?

ಇದೇ ಜಗಳ ಚರಿತ್ರೆಕಾರರ ನಡುವೆಯೂ ನಡೆದಿದೆ. ಪ್ರಸನ್ನನ್ ಪಾರ್ಥಸಾರಥಿ 1998ರಲ್ಲಿ, ಹದಿನೆಂಟನೆಯ ಶತಮಾನದ ದಕ್ಷಿಣ ಭಾರತದ ನೇಕಾರ ಮತ್ತು ಕೂಲಿಕಾರರ ಗಳಿಕೆಯನ್ನು ಧಾನ್ಯದ ಲೆಕ್ಕದಲ್ಲಿ ನೋಡಿದರೆ ಅದು ಬ್ರಿಟನ್ನಿನ ಕಾರ್ಮಿಕರ ಗಳಿಕೆಗೆ ಸರಿಸಮನಾಗಿತ್ತು ಎಂದು ವಾದಿಸಿದರು. ಕೂಲಿ ಹಣದಲ್ಲಿ ಕಡಿಮೆ ಕಂಡದ್ದು ಇಲ್ಲಿ ಕಾಳು ಅಗ್ಗವಾಗಿದ್ದರಿಂದ ಎಂಬುದು ಅವರ ಮಾತು. 2006ರಲ್ಲಿ ಸ್ಟೀಫನ್ ಬ್ರಾಡ್‌ಬೆರಿ ಮತ್ತು ಬಿಷ್ಣುಪ್ರಿಯಾ ಗುಪ್ತಾ ಇದನ್ನು ಒಪ್ಪಲಿಲ್ಲ. ಬೆಳ್ಳಿಯ ಲೆಕ್ಕದಲ್ಲಿ ಭಾರತದ ಕೂಲಿ ಬಹಳ ಹಿಂದಿತ್ತು, ಧಾನ್ಯದ ಲೆಕ್ಕದಲ್ಲೂ ಹಿಂದೆ ಬೀಳುತ್ತಿತ್ತು ಎಂದರು. ಬೆಳ್ಳಿಯಲ್ಲಿ ತೂಗಿದರೆ ಒಂದು ಚಿತ್ರ, ಕಾಳಿನಲ್ಲಿ ತೂಗಿದರೆ ಇನ್ನೊಂದು ಚಿತ್ರ. ದುಬೈ ಪ್ರಶ್ನೆ ಕೇಳುವ ನಮ್ಮ ಹುಡುಗರು ಸಿಕ್ಕಿಕೊಂಡಿರುವುದೂ ಇದೇ ಜಾಗದಲ್ಲಿ.

ಈಗ ನಾಂಪಲ್ಲಿಗೆ ಬರೋಣ. ಜನವರಿ ಬಂತೆಂದರೆ ಇಲ್ಲಿ ನುಮಾಯಿಶ್ ಗದ್ದಲ. ಕಾಶ್ಮೀರದ ಶಾಲು, ಲಕ್ನೋದ ಚಿಕನ್ ಕಸೂತಿ, ಜಾಯಿಂಟ್ ವ್ಹೀಲು, ಮಿರ್ಚಿ ಬಜ್ಜಿ. ಈ ಜಾತ್ರೆ ಯಾಕೆ ಶುರುವಾಯಿತು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರ ಸಂಘ ಹೈದರಾಬಾದ್ ಸಂಸ್ಥಾನದ ಆರ್ಥಿಕ ಸಮೀಕ್ಷೆ ಮಾಡಬೇಕೆಂದು ಹೊರಟಿತು. ಅದಕ್ಕೆ ದುಡ್ಡು ಬೇಕಿತ್ತು. ದುಡ್ಡು ಕೂಡಿಸಲು 1938ರಲ್ಲಿ ಪಬ್ಲಿಕ್ ಗಾರ್ಡನ್ನಿನಲ್ಲಿ ಸ್ಥಳೀಯ ಸರಕುಗಳ ವಸ್ತುಪ್ರದರ್ಶನ ಇಟ್ಟರು. 1946ರಲ್ಲಿ ಅದು ಈಗಿನ ಮೈದಾನಕ್ಕೆ ಬಂತು. ಸಂಸ್ಥಾನದ ಜನ ಏನು ದುಡಿಯುತ್ತಾರೆ, ಏನು ತಿನ್ನುತ್ತಾರೆ ಎಂದು ತಿಳಿಯುವ ಆಸೆಯಿಂದ ಹುಟ್ಟಿದ ಸಂತೆ ಇದು. ಆ ಸಂಸ್ಥಾನದಲ್ಲಿ ನಮ್ಮ ಮೂರು ಕನ್ನಡ ಜಿಲ್ಲೆಗಳೂ ಇದ್ದವು. ಸಂತೆ ಬೆಳೆಯಿತು, ಹುಟ್ಟಿಸಿದ ಪ್ರಶ್ನೆ ಮರೆತುಹೋಯಿತು.

ಹೈದರಾಬಾದಿಗೆ ಸೇರಿದ ಇನ್ನೊಂದು ತಕ್ಕಡಿ ತಾರ್ನಾಕಾದಲ್ಲಿದೆ. ಕೂನೂರಿನಲ್ಲಿ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಹುಟ್ಟಿದ ಪ್ರಯೋಗಾಲಯ 1958ರಲ್ಲಿ ಇಲ್ಲಿಗೆ ಬಂತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಕೂನೂರಿನ ಕಾಲದಲ್ಲಿ ಅದರ ನಿರ್ದೇಶಕನಾಗಿದ್ದ ವ್ಯಾಲೇಸ್ ಐಕ್ರಾಯ್ಡ್ ಹಾಕಿಕೊಟ್ಟ ಲೆಕ್ಕವನ್ನೇ 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಗೆ ಆಧಾರ ಮಾಡಿಕೊಂಡಿತು. ದುಡಿಯುವ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ. ನಾಲ್ವರ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆಬಾಡಿಗೆ. ಉರುವಲು, ದೀಪ, ಇತರೆ ಖರ್ಚಿಗೆ ಒಟ್ಟು ಕೂಲಿಯ ಶೇಕಡಾ 20. ಮನೆಯನ್ನು ಲೆಕ್ಕ ಹಾಕಿದ ಬಗೆ ಹೀಗೆ: ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಒಟ್ಟು ಮೂರು ಹೊಟ್ಟೆ.

ಆ 0.8ರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಸೈಟಿನಲ್ಲಿ ಆಕೆ ಹೊರುವ ಬುಟ್ಟಿ 0.8ರದ್ದಲ್ಲ. ಸಂಜೆ ಶೆಡ್ಡಿಗೆ ಬಂದು ಒಲೆ ಹಚ್ಚುವಾಗ ಆಕೆಯ ದಿನ ಗಂಡನ ದಿನಕ್ಕಿಂತ ಉದ್ದ. ಆದರೂ 1957ರ ಅಳತೆಯನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಕೂಲಿಯನ್ನು ಮಾಲಿಕನ ಲಾಭದಿಂದಲ್ಲ, ದುಡಿಯುವವನ ಮನೆಯ ಅಗತ್ಯದಿಂದ ಲೆಕ್ಕ ಹಾಕಬೇಕು ಎಂದು ಅದು ಹೇಳಿತು. 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿನ ಖರ್ಚಿಗಾಗಿ ಇನ್ನೂ ಶೇಕಡಾ 25ರಷ್ಟನ್ನು ಸೇರಿಸಿತು. 2019ರಲ್ಲಿ ಅನೂಪ್ ಸತ್ಪತಿ ಸಮಿತಿ ಹೊಸ ಲೆಕ್ಕ ಕೊಟ್ಟಿತು. ಕ್ಯಾಲೊರಿ 2,400ಕ್ಕೆ ಇಳಿಯಿತು, ಮನೆಯ ಹೊಟ್ಟೆಗಳು 3.6ಕ್ಕೆ ಏರಿದವು, ಸಸಾರಜನಕ 50 ಗ್ರಾಂ, ಕೊಬ್ಬು 30 ಗ್ರಾಂ ಎಂದು ಬರೆದರು. ದಿನಕ್ಕೆ 375 ರೂಪಾಯಿ ಇರಲಿ ಎಂದು ಶಿಫಾರಸು ಮಾಡಿದರು. ಅದೇ ವರ್ಷ ಕೇಂದ್ರ ಸರ್ಕಾರ ರಾಷ್ಟ್ರೀಯ ತಳಮಟ್ಟದ ಕೂಲಿಯನ್ನು 176ರಿಂದ 178 ರೂಪಾಯಿಗೆ ಏರಿಸಿತು. ಎರಡು ರೂಪಾಯಿ. ತಕ್ಕಡಿ ಸರಿಯಿದ್ದರೆ ಸಾಲದು, ಅದು ಹೇಳಿದ್ದನ್ನು ಕೇಳುವವರೂ ಬೇಕು.

ಮೂರನೆಯ ತಕ್ಕಡಿ ಡಾಲರ್. ವಿಶ್ವಬ್ಯಾಂಕಿನ ಲೆಕ್ಕದಂತೆ 2017ರಲ್ಲಿ ಪೇಟೆಯಲ್ಲಿ ಒಂದು ಡಾಲರಿಗೆ 65.12 ರೂಪಾಯಿ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ಭಾರತದಲ್ಲಿ 20.65 ರೂಪಾಯಿಗೆ ಸಿಗುತ್ತಿತ್ತು. ಆದ್ದರಿಂದ ವಿದೇಶದ ಪಗಾರವನ್ನು ಪೇಟೆಯ ದರದಲ್ಲಿ ರೂಪಾಯಿಗೆ ತಿರುಗಿಸಿ ಹಿಗ್ಗಬೇಡಿ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಎಲ್ಲಿ ದುಡಿಯುತ್ತೀರೋ ಅಲ್ಲಿಯ ಬೆಲೆಗೇ ತಿನ್ನಬೇಕಲ್ಲ?

ಅವರ ಮಾತು ಸರಿ, ಒಬ್ಬನನ್ನು ಬಿಟ್ಟು. ಆ ಒಬ್ಬ ವಲಸೆಗಾರ. ಅವನು ಒಂದು ಕಡೆ ದುಡಿಯುತ್ತಾನೆ, ಅವನ ಮನೆ ಇನ್ನೊಂದು ಕಡೆ ತಿನ್ನುತ್ತದೆ. ಕಳಿಸಿದ ದಿರ್ಹಾಂ ಪೇಟೆಯ ದರದಲ್ಲಿ ರೂಪಾಯಿಯಾಗಿ, ಚಿಂಚೋಳಿಯ ಸಂತೆಯ ಬೆಲೆಯಲ್ಲಿ ಖರ್ಚಾಗುತ್ತದೆ. ಎರಡು ಬೆಲೆಗಳ ನಡುವಿನ ಅಂತರವೇ ಅವನ ಲಾಭ. ಆ ಅಂತರ ಅವನಿಗೆ ಸಿಗುವುದು ಒಂದೇ ಷರತ್ತಿನ ಮೇಲೆ: ಹೆಂಡತಿ ಮಕ್ಕಳು ಅವನ ಜೊತೆ ಇರಬಾರದು. ಅವರೂ ಅಲ್ಲಿಗೇ ಹೋದರೆ ಲಾಭ ಕರಗಿಹೋಗುತ್ತದೆ. ಯಾವ ತಕ್ಕಡಿಯೂ ಈ ಅಗಲಿಕೆಯನ್ನು ತೂಗುವುದಿಲ್ಲ. ಪಗಾರದ ಚೀಟಿಯಲ್ಲಿ ಅದು ಕೂಡಿಸಿದ ಬಾಬತ್ತಾಗಿ ಕಾಣುತ್ತದೆಯೇ ಹೊರತು ಕಳೆದ ಬಾಬತ್ತಾಗಿ ಕಾಣುವುದಿಲ್ಲ.

ಈ ಲೆಕ್ಕಕ್ಕೆ ಮೊಹರು ಒತ್ತುವ ಕಚೇರಿಯೂ ಬಹುಕಾಲ ನಾಂಪಲ್ಲಿಯಲ್ಲೇ ಇತ್ತು. ನುಮಾಯಿಶ್ ಮೈದಾನದ ಹತ್ತಿರ, ಗಾಂಧಿ ಭವನದ ಎದುರಿನ ಗೃಹಕಲ್ಪ ಕಟ್ಟಡದಲ್ಲಿ, ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಅಧಿಕಾರಿಯ ಕಚೇರಿ. 1983ರ ಕಾನೂನಿನ ಪ್ರಕಾರ ಹತ್ತನೆಯ ತರಗತಿ ದಾಟದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ಇಂಥ ಅಧಿಕಾರಿಯ ಅನುಮತಿ ಬೇಕು. ಯಾವ ದೇಶದಲ್ಲಿ ನಮ್ಮವರಿಗೆ ಕನಿಷ್ಠ ಎಷ್ಟು ಕೊಡಬೇಕು ಎಂದು ಭಾರತ ಸರ್ಕಾರವೇ ದೇಶವಾರು ಪಟ್ಟಿ ಮಾಡುತ್ತದೆ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಆ ಪಟ್ಟಿಯ ಮೊತ್ತಗಳನ್ನು ಕಡಿತ ಮಾಡಿದರು. ಬಹರೇನ್, ಒಮಾನ್, ಕತಾರ್, ಯುಎಇಗಳಿಗೆ ತಿಂಗಳಿಗೆ 200 ಡಾಲರ್, ಕುವೈತಿಗೆ 245, ಸೌದಿಗೆ 324. ನಮ್ಮವರ ಕೆಲಸ ಉಳಿಯಲಿ ಎಂಬುದು ಸರ್ಕಾರ ಕೊಟ್ಟ ಕಾರಣ. ಕೆಲವೇ ತಿಂಗಳಲ್ಲಿ, 2021ರ ಮಾರ್ಚಿನಿಂದ, ಕತಾರ್ ತನ್ನ ನೆಲದಲ್ಲಿ ದುಡಿಯುವ ಎಲ್ಲ ದೇಶದವರಿಗೂ ಒಂದೇ ಕನಿಷ್ಠ ಕೂಲಿ ಜಾರಿ ಮಾಡಿತು: 1,000 ರಿಯಾಲ್, ಅಂದರೆ ಸುಮಾರು 275 ಡಾಲರ್. ಕೆಲಸ ಕೊಡುವವರು ವಸತಿ ಕೊಡದಿದ್ದರೆ ಅದಕ್ಕೆ 500, ಊಟ ಕೊಡದಿದ್ದರೆ 300 ರಿಯಾಲ್ ಬೇರೆ. ಕೊಳ್ಳುವ ದೇಶದ ಕಾನೂನು ಹೇಳಿದ ಬೆಲೆಗಿಂತ ಕಡಿಮೆ ಬೆಲೆಯನ್ನು ಕಳಿಸುವ ದೇಶವೇ ತನ್ನವರಿಗೆ ಕಟ್ಟಿತ್ತು. ತೆಲಂಗಾಣ ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಲಾಯಿತು. 2021ರಲ್ಲಿ ಕೇಂದ್ರ ಆ ಸುತ್ತೋಲೆಗಳನ್ನು ಹಿಂದಕ್ಕೆ ಪಡೆಯಿತು.

ಹೋಲಿಕೆಗೆ ಕೊಲ್ಲಿಯವರೆಗೂ ಹೋಗಬೇಕಿಲ್ಲ. ಸೇಡಂನಿಂದ ಹೈದರಾಬಾದಿಗೆ ದುಡಿಯಲು ಬಂದ ಹೆಣ್ಣುಮಗಳನ್ನು ನೋಡಿ. 2023ರ ಜೂನ್‌ನಿಂದ ಕರ್ನಾಟಕದ ಶಕ್ತಿ ಯೋಜನೆಯಲ್ಲಿ ಆಕೆಗೆ ಬಸ್ಸು ಉಚಿತ, ಆದರೆ ರಾಜ್ಯದ ಒಳಗೆ ಮಾತ್ರ. ಅದೇ ವರ್ಷದ ಡಿಸೆಂಬರಿನಿಂದ ತೆಲಂಗಾಣದಲ್ಲೂ ಹೆಂಗಸರಿಗೆ ಬಸ್ಸು ಉಚಿತ, ಆದರೆ ಅಲ್ಲಿಯ ವಿಳಾಸ ಇದ್ದವರಿಗೆ ಮಾತ್ರ. ಆಕೆಯ ಆಧಾರದಲ್ಲಿ ಇರುವುದು ಕರ್ನಾಟಕದ ವಿಳಾಸ, ಆಕೆಯ ಕಾಲಿರುವುದು ತೆಲಂಗಾಣದ ನೆಲದಲ್ಲಿ. ಎರಡೂ ಸರ್ಕಾರಗಳು ಉಚಿತವೆಂದ ಬಸ್ಸಿನಲ್ಲಿ ಆಕೆ ಟಿಕೆಟ್ ತೆಗೆಯುತ್ತಾಳೆ. ರೇಷನ್ನಿನದೂ ಇದೇ ಕಥೆ. ಒಂದು ದೇಶ ಒಂದು ಕಾರ್ಡ್ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯ ಇಲ್ಲಿಯೂ ಸಿಗುತ್ತದೆ. ಆದರೆ ರಾಜ್ಯಗಳು ಮೇಲೆ ಕೊಡುವ ಪಾಲು ಗಡಿ ದಾಟುವುದಿಲ್ಲ. ಕೂಲಿ ಹೆಚ್ಚಿರುವ ಕಡೆ ಬಂದವಳಿಗೆ, ಕೂಲಿಯಲ್ಲದ ರೂಪದಲ್ಲಿ ಬರುತ್ತಿದ್ದದ್ದೆಲ್ಲ ಹಿಂದೆ ಉಳಿಯಿತು. ಇಂದಿನ ಬಡವರ ಬದುಕಿನಲ್ಲಿ ಈ ಎರಡನೆಯ ಭಾಗ ಸಣ್ಣದಲ್ಲ.

ವಿಳಾಸ ಕೇಳದ ಒಂದು ಯೋಜನೆ ಮಾತ್ರ ನಾಂಪಲ್ಲಿಯಲ್ಲಿದೆ. ಸ್ಟೇಷನ್ನಿನ ಹತ್ತಿರದ ಹಳೆಯ ಸರಾಯಿಯಲ್ಲಿ 2014ರ ಮಾರ್ಚಿನಲ್ಲಿ ಮಹಾನಗರ ಪಾಲಿಕೆ 5 ರೂಪಾಯಿ ಊಟ ಶುರು ಮಾಡಿತು. ಆಮೇಲೆ ಅದು ಊರೆಲ್ಲ ಹರಡಿತು. ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ. ತಟ್ಟೆ ಹಿಡಿದವನ ಆಧಾರ ಯಾವ ರಾಜ್ಯದ್ದು ಎಂದು ಯಾರೂ ಕೇಳುವುದಿಲ್ಲ. ಇದನ್ನು ದಾನವೆಂದು ಹಂಗಿಸುವವರಿದ್ದಾರೆ. ನನ್ನ ಲೆಕ್ಕದಲ್ಲಿ ಇದು ಕೂಲಿಯ ಒಂದು ಭಾಗ. ವಲಸೆಗಾರನ ಜೊತೆಗೆ ಗಡಿ ದಾಟಿ ಬರಬಲ್ಲ ಅಪರೂಪದ ಭಾಗ.

ಹಾಗಾಗಿ ಈಗ ಆ ಪ್ರಶ್ನೆ ಬಂದಾಗ ನಾನು ಪಗಾರ ಎಷ್ಟು ಎಂಬಲ್ಲಿಗೆ ನಿಲ್ಲಿಸುವುದಿಲ್ಲ. ಬಾಡಿಗೆ ಯಾರದು, ಕಾಯಿಲೆ ಬಿದ್ದ ದಿನದ ಕೂಲಿ ಯಾರದು, ಆ ಕೆಲಸ ಬಿಟ್ಟು ಇನ್ನೊಂದು ಹಿಡಿಯಬಹುದೇ, ಪಾಸ್‌ಪೋರ್ಟು ಯಾರ ಕೈಯಲ್ಲಿರುತ್ತದೆ, ಮಗು ಯಾರ ಹತ್ತಿರ ಬೆಳೆಯುತ್ತದೆ ಎಂದು ಕೇಳುತ್ತೇನೆ. ಮೊದಲ ನಾಲ್ಕಕ್ಕೆ ಹುಡುಗರು ಯೋಚಿಸಿ ಏನಾದರೂ ಹೇಳುತ್ತಾರೆ. ಐದನೆಯದಕ್ಕೆ ಬಂದಾಗ ಬಹಳ ಸಲ ಉತ್ತರ ಕೊಡುವವರು ಅವರಲ್ಲ, ಒಳಗೆ ರೊಟ್ಟಿ ಬಡಿಯುತ್ತಿರುವ ಅವರ ತಾಯಂದಿರು.